ಮಾಸ್ತರು ಮತ್ತು ಶಾಲೆ ಹಿಂದಿನ ಬೆಟ್ಟ

ಈ ಸಲ ದೀಪಾವಳಿ ಮುಗಿದ ವಾರದಲ್ಲೇ ನಮ್ಮ ವಿಜ್ಞಾನದ ಮಾಸ್ತರು ತೀರಿಕೊಂಡರು. ಸುದ್ದಿ ಕೇಳಿ ಶಿರಸಿಗೆ ಓಡಿದೆ. ನಮ್ಮ ಬ್ಯಾಚಿನ ಅರ್ಧಕ್ಕರ್ಧ ಜನ ಆಗಲೇ ಅಲ್ಲಿದ್ದರು. ಅವರು ಪಾಠ ಮಾಡಿದ ಆಮ್ಲ, ಕ್ಷಾರ, ವಿದ್ಯುತ್ ಯಾವುದರ ಮಾತೂ ಬರಲಿಲ್ಲ. ಎಲ್ಲರ ಬಾಯಲ್ಲೂ ಬೆಟ್ಟದ್ದೇ ಮಾತು.

ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಕಾಡು, ಅನ್ನುವುದು ನಮ್ಮ ಕಡೆ ಬ್ರಿಟಿಷರ ಕಾಲದ ಲೆಕ್ಕ. ಶಾಲೆ ಹಿಂದಿನ ಬೆಟ್ಟ ಸೊಪ್ಪು ಕಡಿದೂ ಕಡಿದೂ ಬೋಳಾಗಿ, ಅಲ್ಲಿ ಲಂಟಾನ ಹಬ್ಬಿತ್ತು. ಆಚೆ ಬದಿಗೆ ಅಕೇಶಿಯಾ ತೋಪು. ಅದರ ಸೊಪ್ಪು ದನ ಮುಟ್ಟುವುದಿಲ್ಲ, ಉದುರಿದ ಒಣ ಎಲೆ, ಅಂದರೆ ದರಕು, ಬೇಗ ಕೊಳೆಯುವುದೂ ಇಲ್ಲ. 1983ರಲ್ಲಿ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ಕೊಡಲಿ ತಡೆದ ತಾಲೂಕು ನಮ್ಮದು. ಉಳಿಸು, ಬೆಳೆಸು, ಬಳಸು ಅನ್ನುವುದು ಅಪ್ಪಿಕೋ ಚಳವಳಿಯ ಘೋಷಣೆ. "ಉಳಿಸೋ ಕೆಲಸ ದೊಡ್ಡವರು ಮಾಡಿದ್ರು, ಬೆಳೆಸೋದು ನಿಮ್ಮ ಪಾಲಿಗಿದೆ" ಎನ್ನುತ್ತಿದ್ದರು ಮಾಸ್ತರು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬೆಟ್ಟದ ಕೆಲಸ. ಒಂಬತ್ತನೇ ಕ್ಲಾಸಿನ ಒಬ್ಬೊಬ್ಬರಿಗೆ ಪಕ್ಕದ ಪ್ರಾಥಮಿಕ ಶಾಲೆಯ ಐದನೇ ಕ್ಲಾಸಿನ ಇಬ್ಬಿಬ್ಬರು ಮಕ್ಕಳು. ಮಾಸ್ತರು ನಮಗೆ ಒಂದೇ ಸಲ ಮಾಡಿ ತೋರಿಸುತ್ತಿದ್ದರು. ಮಕ್ಕಳಿಗೆ ನಾವೇ ಹೇಳಿಕೊಡಬೇಕು. ಮಗು ತಪ್ಪಿದರೆ ಮಗುವಿಗೆ ಬೈಯುತ್ತಿರಲಿಲ್ಲ. ನಮ್ಮ ಕಡೆ ತಿರುಗಿ, "ನೀನು ಹೇಗೆ ಹೇಳಿಕೊಟ್ಟೆ?" ಎಂದು ಕೇಳುತ್ತಿದ್ದರು.

ಲಂಟಾನವನ್ನು ಮೇಲಿಂದ ಸವರಿದರೆ ಏನೂ ಪ್ರಯೋಜನವಿಲ್ಲ, ಜಾಸ್ತಿ ಚಿಗುರುತ್ತದೆ. ಬುಡದ ಮಣ್ಣು ಕೆದರಿ, ಗಂಟಿನಿಂದ ಮೂರ್ನಾಲ್ಕು ಬೆರಳು ಕೆಳಗೆ ತಾಯಿಬೇರು ಕಡಿಯಬೇಕು. ಆಮೇಲೆ ಇಡೀ ಮಟ್ಟಿಯನ್ನು ಎತ್ತಿ, ಬೇರು ಮೇಲೆ ಮಾಡಿ ಮಗುಚಿಡಬೇಕು. ಬೇರಿಗೆ ಮಣ್ಣು ಸಿಕ್ಕಿದರೆ ಮತ್ತೆ ಬದುಕುತ್ತದೆ. ಕತ್ತಿ ನಮ್ಮ ಕೈಯಲ್ಲಿ. ಮಕ್ಕಳದ್ದು ಮಟ್ಟಿಯೊಳಗೆ ಬಗ್ಗಿ ಹೊನ್ನೆ, ಮತ್ತಿ, ದಾಲ್ಚಿನ್ನಿಯ ಸಣ್ಣ ಸಸಿ ಹುಡುಕಿ, ಪಕ್ಕದಲ್ಲಿ ಕೋಲು ಊರುವ ಕೆಲಸ. ಕನ್ನಡದ ಅಕ್ಕೋರು ಉಂಬಳಕ್ಕೆ (ಕಾಡಿನ ಜಿಗಣೆಗೆ) ಹಚ್ಚಲು ಸುಣ್ಣದ ಡಬ್ಬಿ ಹಿಡಿದು ಹಿಂದೆಯೇ ಇರುತ್ತಿದ್ದರು. ಡಿಸೆಂಬರ್ ಬಂತೆಂದರೆ ಮಂಗನ ಕಾಯಿಲೆಯ ಉಣುಗಿನ ಭಯ, ಬೆಟ್ಟದ ಕೆಲಸ ಬಂದ್.

ನನ್ನ ಪಾಲಿಗೆ ಬಂದ ಒಬ್ಬಳು ಹುಡುಗಿ ಮೊದಮೊದಲು ಬಾಯೇ ಬಿಡುತ್ತಿರಲಿಲ್ಲ. ಅವಳ ಕೈಯಲ್ಲಿ ಸಸಿ ಬೆಳೆಸುವ ಕೊಟ್ಟೆಗೆ ಉಪ್ಪಾಗೆ ಎಂಬ ಹುಳಿಹಣ್ಣಿನ ಕಾಡುಮರದ ಬೀಜ ಹಾಕಿಸಿದೆ. ಉಪ್ಪಾಗೆ ಮೊಳೆಯಲು ತಿಂಗಳುಗಟ್ಟಲೆ ಬೇಕು. ಪ್ರತಿ ಶನಿವಾರ ಬಂದು, "ಅಣ್ಣಾ, ಇದು ಸತ್ತೋಯ್ತಾ?" ಎಂದು ಕೇಳುತ್ತಿದ್ದಳು. "ಇಲ್ಲ, ಕಾದು ನೋಡು" ಎನ್ನುತ್ತಿದ್ದೆ. ಕೊನೆಗೂ ಮೊಳಕೆ ಕಂಡ ದಿನ ಕೊಟ್ಟೆಯನ್ನು ಎದೆಗವುಚಿಕೊಂಡು ಸ್ಟಾಫ್ ರೂಮಿಗೇ ನುಗ್ಗಿದಳು. ತಾನು ಒಂಬತ್ತಕ್ಕೆ ಬಂದಾಗ ಅವಳೂ ತನ್ನ ಮಕ್ಕಳಿಗೆ ಉಪ್ಪಾಗೆಯನ್ನೇ ಕೊಟ್ಟಳಂತೆ.

ಹಲಸಿನ ಹಣ್ಣಿನ ಪ್ರಸಂಗ ಹೇಳದಿದ್ದರೆ ನಮ್ಮ ಬ್ಯಾಚಿನವರು ಬಿಡುವುದಿಲ್ಲ. ಜೂನ್ ತಿಂಗಳು. ಬೀಜ ಒಟ್ಟುಮಾಡಲು ಕಳಿಸಿದ್ದರು. ನಾವು ಮಕ್ಕಳನ್ನೂ ಕಟ್ಟಿಕೊಂಡು ತೋಟವೊಂದರ ಬೇಲಿ ಹಾರಿ ಬಕ್ಕೆ ಹಲಸು ಇಳಿಸಿದೆವು. ಎಣ್ಣೆ ಎಲ್ಲಿಂದ ತರುವುದು? ಕೈಗೆ, ಯೂನಿಫಾರಮ್ಮಿಗೆ, ಒಬ್ಬಳ ಜಡೆಗೂ ಮೇಣ. ನಾವು ಶಾಲೆ ಮುಟ್ಟುವ ಮೊದಲೇ ತೋಟದವರು ಹೆಡ್‌ಮಾಸ್ತರ ಮುಂದೆ ಕೂತಿದ್ದರು. ಬೆತ್ತವೂ ಹೊರಗೆ ಬಂತು. ಆಗ ನಮ್ಮ ಮಾಸ್ತರು ಕೇಳಿದ್ದು ಒಂದೇ ಮಾತು: "ಬೀಜ ಎಲ್ಲಿ?"

ಬೀಜ ಎಲ್ಲರ ಜೇಬಲ್ಲೂ ಇತ್ತು. "ಹಲಸಿನ ಬೀಜ ಒಣಗಿದ್ರೆ ಹುಟ್ಟೋದಿಲ್ಲ. ಈಗಲೇ ಹಾಕಿ" ಎಂದರು. ಕತ್ತಲಾಗುವವರೆಗೆ ಮಳೆಯಲ್ಲಿ ನಿಂತು ಬೀಜ ಊರಿದೆವು. ಮರುವರ್ಷ ಅದೇ ತೋಟದವರ ಮನೆಗೆ ಸಸಿ ಹೊತ್ತುಕೊಂಡು ಹೋದೆವು. ಅವರು ಅವಲಕ್ಕಿ ಕೊಟ್ಟರು.

ಈಗ ಬೆಂಗಳೂರಿನಲ್ಲಿ ದೊಡ್ಡದೊಂದು ತಂಡ ನೋಡಿಕೊಳ್ಳುತ್ತೇನೆ. ಹೊಸಬರಿಗೆ ಕೆಲಸ ಕಲಿಸುವುದರಲ್ಲಿ ನನ್ನಷ್ಟು ತಾಳ್ಮೆ ಯಾರಿಗೂ ಇಲ್ಲ ಎಂದು ಆಫೀಸಿನಲ್ಲಿ ಹೇಳುತ್ತಾರೆ. ಉಪ್ಪಾಗೆ ಕಾಯ್ದವನಿಗೆ ಅದೇನು ಕಷ್ಟ!

ಈಗಿನ ಶಾಲೆಗಳನ್ನು ನೋಡಿದರೆ ಬೇಜಾರಾಗುತ್ತದೆ. ಜೂನ್ 5ಕ್ಕೆ ಒಂದು ಗಿಡ, ಒಂದು ಫೋಟೋ. ಮುಂದಿನ ವರ್ಷ ಅದೇ ಗುಂಡಿಗೆ ಇನ್ನೊಂದು ಗಿಡ. ತಂದೆ ತಾಯಿಗೆ ಉಂಬಳದ ಭಯ, ಶಾಲೆಗೆ ಎಸ್ಸೆಸ್ಸೆಲ್ಸಿ ರಿಸಲ್ಟಿನ ಚಿಂತೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಐದನೇ ಕ್ಲಾಸಿನ ಮಗುವಿಗೆ ಒಂಬತ್ತನೇ ಕ್ಲಾಸಿನ ಒಬ್ಬ ಅಣ್ಣನ, ಒಬ್ಬಳು ಅಕ್ಕನ ಹೆಸರಾದರೂ ಗೊತ್ತಿರಬೇಡವೇ?

ಮಾಸ್ತರ ಮನೆಯಿಂದ ಹೊರಟವರು ಬೆಟ್ಟ ಹತ್ತಿದೆವು. ನಾವು ಕೋಲು ಊರಿದ್ದ ಹೊನ್ನೆಗಳು ಈಗ ತಬ್ಬಿದರೆ ಕೈ ತುಂಬುತ್ತವೆ. ಆದರೆ ಕೆಳಗಿನ ಇಳಿಜಾರಿನಲ್ಲಿ ಲಂಟಾನ ಮತ್ತೆ ಎದ್ದಿದೆ. ಬರುವ ಮಳೆಗಾಲದ ಶನಿವಾರಗಳಲ್ಲಿ ನಾವು ಸರದಿಯ ಮೇಲೆ ಬರುವುದೆಂದು ಮಾತಾಗಿದೆ. ಒಂಬತ್ತನೇ ಕ್ಲಾಸಿನವರಿಗೆ ನಾವು ತೋರಿಸುತ್ತೇವೆ, ಐದನೆಯವರಿಗೆ ಅವರು ತೋರಿಸಲಿ. ಕತ್ತಿ, ಸುಣ್ಣದ ಡಬ್ಬಿ, ಅವಲಕ್ಕಿ ಎಲ್ಲ ನಮ್ಮದೇ. ಮಕ್ಕಳನ್ನು ಮಾತ್ರ ಶಾಲೆಯವರು ಕಳಿಸಿಕೊಡಬೇಕು.