ಅವರಿಬ್ಬರೂ ಯಾಕೆ ಓಡಿ ಹೋಗಲಿಲ್ಲ?

ನನ್ನ ಕಾದಂಬರಿ ಓದಿದವರು ಸಿಕ್ಕರೆ ಸಾಕು, ಇದೇ ಪ್ರಶ್ನೆ. ಕೆಲವರು ಸ್ವಲ್ಪ ಸಿಟ್ಟಿನಲ್ಲೇ ಕೇಳುತ್ತಾರೆ.

ಓದದವರಿಗಾಗಿ ಕತೆ ಎರಡೇ ಮಾತಿನಲ್ಲಿ. ಅದು 1568, ಪೋರ್ಚುಗೀಸರು ಮಂಗಳೂರು ಹಿಡಿದು ಕೋಟೆ ಕಟ್ಟಿದ ವರ್ಷ. ನೇತ್ರಾವತಿಯ ಈ ದಡದಲ್ಲಿ ಉಳ್ಳಾಲ. ಹುಡುಗ ಅಲ್ಲಿಯ ಮೊಗವೀರ, ಸೋದರಮಾವನ ಪಡವು, ಅಂದರೆ ಸರಕು ಸಾಗಿಸುವ ಹಾಯಿಹಡಗು, ನಡೆಸುವವನು. ಹುಡುಗಿ ಆ ದಡದ ಮಂಗಳೂರಿನವಳು. ಕೋಟೆ ಎದ್ದ ಮೇಲೆ ಹೊಳೆ ದಾಟುವುದೇ ಕಷ್ಟ. ಆದರೆ ಚುಕ್ಕಾಣಿ ಅವನ ಕೈಯಲ್ಲಿದೆ, ಬಡಗಣ ಗಾಳಿ ಬೀಸುತ್ತಿದೆ, ತೆಂಕಕ್ಕೆ ಹೋದರೆ ಸಾಮೂದಿರಿ ರಾಜನ ಕಲ್ಲಿಕೋಟೆ. ಅವಳನ್ನು ಹತ್ತಿಸಿಕೊಂಡು ಹೋಗಬಹುದಿತ್ತಲ್ವಾ?

ನಿಜ ಹೇಳುತ್ತೇನೆ, ಮೊದಲ ಕರಡಿನಲ್ಲಿ ನಾನೂ ಓಡಿಸಿಬಿಟ್ಟಿದ್ದೆ. ಬೆಳದಿಂಗಳು, ಹಾಯಿ, ಎಲ್ಲಾ ಇತ್ತು. ಅದನ್ನು ನಮ್ಮ ನೆಂಟರಲ್ಲಿ ದೊಡ್ಡಮ್ಮನ ವರಸೆಯ ಒಬ್ಬರಿಗೆ ಹೇಳಿದೆ. ಬಂಗುಡೆ ಗಸಿಗೆ ಮಸಾಲೆ ಕಡೆಯುತ್ತಿದ್ದರು. ಕೈ ನಿಲ್ಲಿಸಿ ಕೇಳಿದರು: "ಅವ ಓಡಿ ಹೋದ್ರೆ ಅಕ್ಕನ ಮಕ್ಕಳಿಗೆ ಯಾರುಂಟು ಮಗಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. (ಕಲ್ಲಿನ ಮೇಲಿನ ಆ ಕೆಂಪು ಮಸಾಲೆ ನೋಡಿ ಇನ್ನೊಂದು ತಪ್ಪೂ ಗೊತ್ತಾಯಿತು. ಒಣಮೆಣಸು ನಮ್ಮ ಕಡೆಗೆ ಬಂದದ್ದೇ ಪೋರ್ಚುಗೀಸರ ಹಡಗಿನಲ್ಲಿ. ನಾನೋ ನಾಯಕನ ಮನೆಯಲ್ಲಿ ಕೆಂಪು ಗಸಿ ಕುದಿಸಿದ್ದೆ. ಅಳಿಸಿ ಒಳ್ಳೆಮೆಣಸು ಹಾಕಿದೆ.)

ತುಳುನಾಡಿನ ಅಳಿಯಕಟ್ಟು ಗೊತ್ತಿಲ್ಲದವರಿಗೆ ದೊಡ್ಡಮ್ಮನ ಮಾತು ವಿಚಿತ್ರ ಅನ್ನಿಸಬಹುದು. ಇಲ್ಲಿ ಮನೆತನ ಹೆಣ್ಣಿನ ಕಡೆಯಿಂದ ಮುಂದುವರಿಯುತ್ತದೆ. ಹಿಂದೆ ಗಂಡಸು ನೋಡಿಕೊಳ್ಳಬೇಕಾಗಿದ್ದದ್ದು ಅಕ್ಕ ತಂಗಿಯರ ಮಕ್ಕಳನ್ನು. ಇದು ಹೇಗೆ ಶುರುವಾಯಿತು ಅನ್ನುವುದಕ್ಕೆ ನಮ್ಮಲ್ಲಿ ಒಂದು ಐತಿಹ್ಯ ಇದೆ, ಅದೂ ಹಡಗಿನದೇ. ದೇವಪಾಂಡ್ಯ ಹೊಸ ಹಡಗುಗಳನ್ನು ನೀರಿಗಿಳಿಸಲು ಹೊರಡುತ್ತಾನೆ. ಕುಂಡೋದರ ಅನ್ನುವ ಭೂತ ಅಡ್ಡ ನಿಂತು ನರಬಲಿ ಕೇಳುತ್ತದೆ. ರಾಜನ ಹೆಂಡತಿ ತನ್ನ ಮಗನನ್ನು ಕೊಡಲು ಒಪ್ಪುವುದಿಲ್ಲ. ತಂಗಿ ತನ್ನ ಮಗನನ್ನು ಕೊಡುತ್ತಾಳೆ. ಭೂತ ಹುಡುಗನನ್ನು ಕೊಲ್ಲದೆ ಬಿಡುತ್ತದೆ, ಹಡಗುಗಳು ಸಂಪತ್ತು ತುಂಬಿಕೊಂಡು ಮರಳುತ್ತವೆ, ರಾಜ್ಯ ಅಳಿಯನಿಗೆ ಹೋಗುತ್ತದೆ. ಅವನೇ ಭೂತಾಳಪಾಂಡ್ಯ.

ಈ ಐತಿಹ್ಯದಲ್ಲಿ ನನ್ನನ್ನು ಕಾಡುವವಳು ರಾಜನ ಹೆಂಡತಿ. ಮಗನನ್ನು ಕೊಡುವುದಿಲ್ಲ ಅಂದವಳನ್ನು ಕತೆ ಸ್ವಾರ್ಥಿ ಮಾಡಿಬಿಡುತ್ತದೆ. ಪಾಪ, ಅವಳು ಮಾಡಿದ್ದರಲ್ಲಿ ತಪ್ಪೇನು? ನನ್ನ ನಾಯಕಿಯನ್ನು ಬರೆಯುವಾಗ ಅವಳೇ ತಲೆಯಲ್ಲಿದ್ದಳು.

ಇನ್ನೊಂದು ವಿಷಯ. ಹುಡುಗಿ ತವರು ಬಿಟ್ಟು ಗಂಡನ ಹಿಂದೆ ಹೊರಡುವುದೇ ಪ್ರೀತಿಗೆ ಸಾಕ್ಷಿ ಅನ್ನುವುದು ನಮಗೆ ಸಿನಿಮಾ ಕಲಿಸಿದ್ದು. ಈ ಕರಾವಳಿಯಲ್ಲಿ ಹಾಗಲ್ಲ. ರಾಣಿ ಅಬ್ಬಕ್ಕ ಗಂಡ ಬಂಗರಸನನ್ನು ಬಿಟ್ಟು ಅವನ ಒಡವೆ ವಾಪಸ್ ಕಳಿಸಿದ ಕತೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಮನೆ, ನೆಲ ಹೆಣ್ಣಿನದೇ ಆಗಿರುವಾಗ ಅವಳು ಓಡಿ ಹೋಗಿ ಪಡೆಯುವುದಕ್ಕಿಂತ ಕಳೆದುಕೊಳ್ಳುವುದೇ ಜಾಸ್ತಿ.

ಮತ್ತೆ ಆ ಪಡವು. ಎಲ್ಲರೂ 'ಅವನ ಪಡವು' ಅನ್ನುತ್ತಾರೆ. ಅದು ಅವನದಲ್ಲ, ಕುಟುಂಬದ್ದು. ಅಳಿಯಕಟ್ಟಿನ ಆಸ್ತಿಯಲ್ಲಿ ಒಬ್ಬನೇ ಪಾಲು ಕೇಳಿದರೆ ಸಿಗುತ್ತಿರಲಿಲ್ಲ, ಎಲ್ಲರೂ ಒಪ್ಪಬೇಕಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬರುವವರೆಗೂ ಹೀಗೇ ಇತ್ತು. ಪಡವು ತೆಗೆದುಕೊಂಡು ಹೋದರೆ ಅದು ಕಳ್ಳತನ, ಅದೂ ಸ್ವಂತ ಅಕ್ಕನ ಮನೆಯಲ್ಲಿ.

ಪೋರ್ಚುಗೀಸರ ಕಾರ್ತಾಜ್ ಬೇರೆ. ಹಡಗಿನ ಹೆಸರು, ಅದನ್ನು ನಡೆಸುವವನ ಹೆಸರು, ಹೋಗುವ ಬಂದರು ಎಲ್ಲ ಬರೆದ ಪರವಾನಗಿ ಚೀಟಿ ಅದು. ಅದಿಲ್ಲದೆ ಸಿಕ್ಕಿಬಿದ್ದರೆ ಸರಕೂ ಹೋಯಿತು, ಹಡಗೂ ಹೋಯಿತು. ಮಳೆ ಹಿಡಿದರೆ ಅಳಿವೆ ದಾಟುವಂತಿಲ್ಲ. ವರ್ಷದ ದುಡಿಮೆಯೆಲ್ಲ ಉಳಿದ ಎಂಟು ತಿಂಗಳಲ್ಲೇ ಆಗಬೇಕು.

ಕೊನೆಯ ಅಧ್ಯಾಯದ ರಾತ್ರಿ ಪಡವಿನಲ್ಲಿ ಅಕ್ಕಿ ಇದೆ. ಬೈಹುಲ್ಲಿನ ಹಗ್ಗದಲ್ಲಿ ಬಿಗಿದ ದುಂಡು ದುಂಡು ಮುಡಿಗಳು. ಅಕ್ಕನ ಮಗ, ಏಳು ವರ್ಷದವನು, ಒಂದೊಂದನ್ನೇ ಮುಟ್ಟಿ ಎಣಿಸುತ್ತಿದ್ದಾನೆ. ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿಂದ ಶುರು ಮಾಡುತ್ತಾನೆ. ಅವನ ಮಾವ, ಅಂದರೆ ನನ್ನ ನಾಯಕ, ಆಚೆ ದಡದ ದೀಪ ನೋಡುತ್ತಾ ಕಾಯುತ್ತಾನೆ. ಹುಡುಗನನ್ನು ಇಳಿಸಿ ಹೊರಡುವ ಹಾಗೆ ನಾಲ್ಕು ಸಲ ಬರೆದು ನೋಡಿದೆ. ಅವನು ಇಳಿಸಲೇ ಇಲ್ಲ.