ಮೂಲೆ ಕೂಡಿತಾ?

ಹೋದ ತಿಂಗಳು ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡರು. ಶಾಲೆಯ ಪತ್ರಿಕೆಗೆ ನೀನೇ ಬರೆಯಬೇಕು ಎಂದು ಗೆಳೆಯರು ಹೇಳಿದರು. ಮೂವತ್ತು ವರ್ಷದಿಂದ ಕಟ್ಟಡಗಳ ನಕ್ಷೆ ಬರೆದು ಬದುಕುತ್ತಿದ್ದೇನೆ. ಆ ಕೆಲಸ ಶುರುವಾದದ್ದೇ ಅವರ ಏಳನೇ ತರಗತಿಯಲ್ಲಿ. ಹಾಗಾಗಿ ಒಪ್ಪಿಕೊಂಡೆ.

ಆ ವರ್ಷ ಪುಸ್ತಕದಲ್ಲಿ ಏನೇನು ಪಾಠ ಇತ್ತೋ, ಮರೆತುಹೋಗಿದೆ. ಸ್ಕೇಲ್ ಡ್ರಾಯಿಂಗ್ ಮಾತ್ರ, ಅಂದರೆ ಆಕಾರ ಕೆಡದ ಹಾಗೆ ಹಿಗ್ಗಿಸಿ ಕುಗ್ಗಿಸಿ ಬರೆಯುವುದು, ನೆನಪಿದೆ. ಮೊದಲ ದಿನ ಬೋರ್ಡಿನ ಮೇಲೆ ಒಂದು ಆಯತ ಬರೆದು, ‘ಅಗಲ 3, ಉದ್ದ 5. ಆಕಾರ ಕೆಡದ ಹಾಗೆ ಅಗಲವನ್ನು 6 ಮಾಡಿದರೆ ಉದ್ದ ಎಷ್ಟು?’ ಎಂದರು. ಇಡೀ ತರಗತಿ ‘ಎಂಟು’ ಎಂದು ಕೂಗಿತು. ಅಗಲಕ್ಕೆ 3 ಕೂಡಿದ್ದೇವೆ, ಉದ್ದಕ್ಕೂ 3 ಕೂಡಬೇಕು, ಅಲ್ವಾ? ಅವರು ತಪ್ಪು ಎನ್ನಲಿಲ್ಲ. 3ಕ್ಕೆ 5, ನಮ್ಮ 6ಕ್ಕೆ 8, ಜೊತೆಗೆ 6ಕ್ಕೆ 10, ಈ ಮೂರೂ ಆಯತಗಳನ್ನು ಒಂದೇ ಮೂಲೆಯಿಂದ ಒಂದರ ಮೇಲೊಂದು ಬರೆದರು. ಚಿಕ್ಕದರ ಕರ್ಣವನ್ನು ಹಾಗೇ ಮುಂದಕ್ಕೆ ಎಳೆದರು. 6ಕ್ಕೆ 10ರ ಆಯತದ ಮೂಲೆಗೆ ಗೆರೆ ಸರಿಯಾಗಿ ಬಂದು ಮುಟ್ಟಿತು. ನಮ್ಮ 6ಕ್ಕೆ 8ರ ಮೂಲೆ ಪಕ್ಕಕ್ಕೆ ಉಳಿಯಿತು. ಒಂದು ಮಾತೂ ಬೇಕಾಗಲಿಲ್ಲ. ಇಂದಿಗೂ ಎರಡು ಆಯತ ಒಂದೇ ಆಕಾರದವೇ ಎಂದು ನೋಡಲು ನಾನು ಮಾಡುವುದು ಇದನ್ನೇ.

ಇನ್ನೊಂದು ದಿನ 30 ಸೆಂ.ಮೀ. ಅಗಲದ ಗ್ಲೋಬ್ ತಂದರು. ಜೊತೆಗೆ ಎಂಟು ಸೆಂ.ಮೀ. ಚೆಂಡು. ‘ಇದು ಚಂದ್ರ. ಎಷ್ಟು ದೂರ ಹಿಡಿಯಬೇಕು?’ ಎಂದರು. ಒಬ್ಬ ಒಂದು ಗೇಣು ದೂರ ಹಿಡಿದ. ಮೇಷ್ಟ್ರು ಅವನ ಭುಜ ಹಿಡಿದು ತರಗತಿಯ ಹೊರಗೆ ನಡೆಸಿಕೊಂಡು ಹೋದರು. ಒಂಬತ್ತು ಮೀಟರ್ ಆದ ಮೇಲೆ ನಿಲ್ಲಿಸಿದರು. ಸೂರ್ಯ ಎಲ್ಲಿ ಎಂದು ಕೇಳಿದೆವು. ಅದೇ ಅಳತೆಯಲ್ಲಿ ಮೂರೂವರೆ ಕಿಲೋಮೀಟರ್ ಆಚೆ, ಅದೂ 33 ಮೀಟರ್ ಅಗಲದ ಗುಂಡು! ಆ ಗ್ಲೋಬಿನ ಮೇಲೆ ಎವರೆಸ್ಟ್ ಶಿಖರ ಬರೀ 0.2 ಮಿ.ಮೀ. ಎಂದಾಗ ನಾನು ಬೆರಳಿನಿಂದ ಗ್ಲೋಬನ್ನು ಸವರಿ ನೋಡಿದ್ದು ನೆನಪಿದೆ.

ನಮ್ಮ ಡ್ರಾಯಿಂಗ್ ಮೇಷ್ಟ್ರೂ ತಿಳಿಯದೆಯೇ ಇದೇ ಪಾಠ ಮಾಡಿದರು. ಚಿಕ್ಕ ಚಿತ್ರದ ಮೇಲೆ 1 ಸೆಂ.ಮೀ. ಚೌಕ, ದೊಡ್ಡ ಹಾಳೆಯ ಮೇಲೆ 4 ಸೆಂ.ಮೀ. ಚೌಕ ಹಾಕಿಸಿ, ಚೌಕ ನೋಡಿ ಚೌಕ ಬರೆಸುತ್ತಿದ್ದರು. ವಾರ್ಷಿಕೋತ್ಸವದ ಪರದೆಯನ್ನೂ ಹಾಗೇ ನಾಲ್ಕು ಪಟ್ಟು ದೊಡ್ಡದು ಮಾಡಿದೆವು. ಬಣ್ಣವನ್ನೂ ನಾಲ್ಕು ಪಟ್ಟು ಕಲಸಿಟ್ಟೆವು. ಪರದೆಯ ಕಾಲು ಭಾಗಕ್ಕೇ ಬಣ್ಣ ಖಾಲಿ! ಡ್ರಾಯಿಂಗ್ ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. ಗಣಿತದ ಮೇಷ್ಟ್ರು ಬಂದು ಒಂದು ದೊಡ್ಡ ಚೌಕದೊಳಗೆ ಚಿಕ್ಕ ಚೌಕಗಳನ್ನು ಎಣಿಸಿ ಎಂದರು. ಹದಿನಾರು. ಉದ್ದ ನಾಲ್ಕು ಪಟ್ಟಾದರೆ ಬಣ್ಣ ಹದಿನಾರು ಪಟ್ಟು ಬೇಕು. ಇಂಥದ್ದು ಮರೆಯುತ್ತದೆಯೇ?

ಈಗ ನಮ್ಮ ತುಂಟತನದ ಕಥೆ. ಶಾಲೆಯ ಕಟ್ಟಡವನ್ನು ಅಳೆದು 1:200ರಲ್ಲಿ (ನೆಲದ 2 ಮೀಟರ್‌ಗೆ ಹಾಳೆಯ ಮೇಲೆ 1 ಸೆಂ.ಮೀ.) ನಕ್ಷೆ ಬರೆಯಬೇಕು ಎಂದು ಮೂವರಿಗೆ 30 ಮೀಟರ್ ಟೇಪ್ ಕೊಟ್ಟು ಕಳಿಸಿದರು. ಕಟ್ಟಡಕ್ಕೆ ಆರು ಗೋಡೆ. ಎರಡನ್ನು ಅಳೆದೆವು. ಬಿಸಿಲು ಜಾಸ್ತಿ ಇತ್ತು. ನೀರಿನ ತೊಟ್ಟಿಯ ನೆರಳಲ್ಲಿ ಕೂತು ಹರಟೆ ಹೊಡೆದು, ಉಳಿದ ನಾಲ್ಕಕ್ಕೆ ಸುಮ್ನೆ ಅಂದಾಜಿನ ಸಂಖ್ಯೆ ಬರೆದೆವು. ರಾತ್ರಿ ನಕ್ಷೆ ಬರೆದಾಗ ಕೊನೆಯ ಗೋಡೆ ಮೊದಲ ಗೋಡೆಯನ್ನು ಮುಟ್ಟಲೇ ಇಲ್ಲ. ಎರಡೂವರೆ ಸೆಂ.ಮೀ. ಸಂದು. ನಾನು ಗೆರೆಯನ್ನು ಉದ್ದಕ್ಕೆ ಎಳೆದು ಸೇರಿಸಿಬಿಟ್ಟೆ. ಪಕ್ಕದಲ್ಲಿ ಬರೆದಿದ್ದ ‘18 ಮೀ.’ ಹಾಗೇ ಉಳಿಯಿತು.

ಮೇಷ್ಟ್ರು ಹಾಳೆ ತೆಗೆದುಕೊಂಡವರೇ ಸ್ಕೇಲ್ ಇಟ್ಟರು. ‘18 ಮೀಟರ್ ಅಂದರೆ 9 ಸೆಂ.ಮೀ. ಇಲ್ಲಿ ಹನ್ನೊಂದೂವರೆ ಇದೆ. ಉಳಿದ ಐದು ಮೀಟರ್ ಗೋಡೆ ಯಾರು ಕಟ್ಟಿದರಪ್ಪಾ?’ ಎಂದರು. ನಾವು ತಲೆ ತಗ್ಗಿಸಿದೆವು. ಅವರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಮಧ್ಯಾಹ್ನದ ಬಿಸಿಲಲ್ಲೇ ನಮ್ಮ ಜೊತೆ ಬಂದು ಟೇಪಿನ ಇನ್ನೊಂದು ತುದಿ ತಾವೇ ಹಿಡಿದರು. ಆರೂ ಗೋಡೆ ಅಳೆಸಿದರು. ‘ಲೆಕ್ಕದಲ್ಲಿ ಕೂಡಬೇಡಿ, ಗುಣಿಸಿ. ಕೂಡಬೇಕಾದದ್ದು ಮೂಲೆ’ ಎಂದು ನಡುವೆ ಹೇಳಿದರು. ಹೊಸ ನಕ್ಷೆಯಲ್ಲಿ ಒಂದೇ ಮಿ.ಮೀ. ಸಂದು ಉಳಿಯಿತು. ಅಂದರೆ ನೆಲದ ಮೇಲೆ 20 ಸೆಂ.ಮೀ. ‘ಟೇಪ್ ಜೋತುಬಿದ್ದರೆ ಅಷ್ಟು ಬರುತ್ತೆ, ಇರಲಿ. ಎಳೆದು ಸೇರಿಸಬೇಡ’ ಎಂದರು. ಆ ಸಂದನ್ನು ಹಾಗೇ ಬಿಟ್ಟು ಕೊಟ್ಟ ನಕ್ಷೆಗೆ ಪೂರ್ತಿ ಅಂಕ ಬಂತು.

ಈಗಿನ ಮಕ್ಕಳು ಎರಡು ಬೆರಳಿಂದ ಪರದೆಯ ಮೇಲಿನ ಚಿತ್ರವನ್ನು ಹಿಗ್ಗಿಸುತ್ತಾರೆ. ಎಷ್ಟು ಪಟ್ಟು ಹಿಗ್ಗಿತು ಎಂದು ಕೇಳುವವರಿಲ್ಲ. ಪೋರ್ಷನ್ ಮುಗಿಸುವ ಅವಸರದಲ್ಲಿ ಮಕ್ಕಳ ಕೈಗೆ ಟೇಪ್ ಕೊಡುವವರು ಕಡಿಮೆಯಾಗಿದ್ದಾರೆ. ಅದರ ಫಲ ನನ್ನ ಆಫೀಸಿನಲ್ಲಿ ಕಾಣುತ್ತದೆ. ಎ4 ಹಾಳೆಯನ್ನು ಎ3ಗೆ ಜೆರಾಕ್ಸ್ ಮಾಡುವಾಗ ಯಂತ್ರ 141% ಎಂದೇಕೆ ತೋರಿಸುತ್ತದೆ ಎಂದು ಹೊಸ ಹುಡುಗರನ್ನು ಕೇಳುತ್ತೇನೆ. ಹಾಳೆ ಎರಡು ಪಟ್ಟು ದೊಡ್ಡದಲ್ವಾ ಸರ್, 200 ಇರಬೇಕು ಎನ್ನುತ್ತಾರೆ. ಬಾಜು 1.41 ಪಟ್ಟಾದರೆ ವಿಸ್ತೀರ್ಣ ಎರಡು ಪಟ್ಟು. ನಮ್ಮ ಪರದೆಯ ಬಣ್ಣದ ಕಥೆ ಹೇಳಿದರೆ ಥಟ್ಟನೆ ಅರ್ಥವಾಗುತ್ತದೆ.

ನಕ್ಷೆಯ ಕೆಳಗೆ ಅಳತೆಪಟ್ಟಿ, ಅಂದರೆ ಇಷ್ಟು ಉದ್ದದ ಗೆರೆ ನೆಲದ ಮೇಲೆ ಇಷ್ಟು ಮೀಟರ್ ಎಂದು ತೋರಿಸುವ ಪಟ್ಟಿ, ಎಳೆಯದಿದ್ದರೆ ಮೇಷ್ಟ್ರು ಒಂದು ಅಂಕ ಕಡಿಯುತ್ತಿದ್ದರು. ಅದರ ಬೆಲೆ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಒಮ್ಮೆ ಯಾರೋ ನನ್ನ ನಕ್ಷೆಯನ್ನು ಹಾಳೆಗೆ ಹೊಂದಿಸಲು ಕುಗ್ಗಿಸಿ ಪ್ರಿಂಟ್ ತೆಗೆದಿದ್ದರು. ಮೇಲೆ 1:100 ಎಂದೇ ಇತ್ತು, ಆದರೆ ಅದು ಸುಳ್ಳಾಗಿತ್ತು. ಪಟ್ಟಿಯೂ ಜೊತೆಗೇ ಕುಗ್ಗಿದ್ದರಿಂದ ಅದೊಂದೇ ನಿಜ ಹೇಳುತ್ತಿತ್ತು. ಪಾಯ ತೋಡುವ ಮೊದಲೇ ನಾನು ತಪ್ಪು ಹಿಡಿದೆ. ಆ ದಿನ ನನ್ನ ಬಗ್ಗೆ ನನಗೇ ಹೆಮ್ಮೆ ಅನ್ನಿಸಿತು. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿಯೂಬಿಟ್ಟೆ.

ಕೊನೆಯ ಸಲ ನೋಡಲು ಹೋದಾಗ ಅವರು ಮಲಗಿಯೇ ಇದ್ದರು. ನಾನು ಮಾಡುತ್ತಿದ್ದ ಒಂದು ಶಾಲೆಯ ನಕ್ಷೆ ತೋರಿಸಿದೆ. ‘ಮೂಲೆ ಕೂಡಿತಾ?’ ಎಂದು ಕೇಳಿದರು. ಕೂಡಿದೆ ಸರ್ ಎಂದೆ. ಅವರು ದಿಂಬಿನ ಪಕ್ಕದಿಂದ ಸ್ಕೇಲ್ ತೆಗೆದು, ಕೊನೆಯ ಗೋಡೆಯ ಮೇಲೆ ಇಟ್ಟು ನೋಡಿದರು.