ಮೂರನೇ ಮುಖದ ತೂತು

ಬೆಳಗಾವಿಯ ಉದ್ಯಮಬಾಗಿನ ನಮ್ಮ ವರ್ಕ್‌ಶಾಪಿನಲ್ಲಿರುವ ಹಳೆಯ ಕ್ಯಾಪ್‌ಸ್ಟನ್ ಲೇತಿನಲ್ಲಿ ಬೀಡಿನ (ಎರಕದ ಕಬ್ಬಿಣದ) ಬುಶ್‌ಗಳನ್ನು (ನಡುವೆ ತೂತಿರುವ ಗಿಡ್ಡ ಕೊಳವೆಗಳನ್ನು) ಮಾಡುತ್ತಿದ್ದಾಗ, ರೀಮರ್ (ತೂತನ್ನು ನಿಖರ ಅಳತೆಗೆ ತರುವ ಹತ್ಯಾರ) ಹಾಕಿದ ತೂತುಗಳು ಬಾಯಿಯ ಕಡೆ ಅಗಲವಾಗತೊಡಗಿದವು. ಹತ್ಯಾರಗಳನ್ನು ಹಿಡಿಯುವ ಆರು ಮುಖದ ತಿರುಗುವ ತಲೆ, ಅಂದರೆ ಟರೆಟ್ಟೇ ಸವೆದಿದೆ, ಅದರ ಆರೂ ತೂತುಗಳನ್ನು ಮತ್ತೆ ಬೋರ್ ಮಾಡಿಸಬೇಕು (ಕೊರೆಸಿ ಸರಿಪಡಿಸಬೇಕು) ಎಂದು ಮಾಲೀಕರು ಹೇಳಿದರು. ಹಿರಿಯ ಫಿಟ್ಟರ್ ಕಾಕಾ ಮಾತ್ರ, "ತಮ್ಮಾ, ಮೊದಲ ಡಯಲ್ ಹಚ್ಚಿ ನೋಡು" ಎಂದರು.

ಈ ಯಂತ್ರದ ಮನೆತನ ಬಂದೂಕಿನದ್ದೇ. 1845ರಲ್ಲಿ ಅಮೆರಿಕದ ಸ್ಟೀಫನ್ ಫಿಚ್ ಟರೆಟ್ ಲೇತ್ ಕಟ್ಟಿದ್ದು ಪಿಸ್ತೂಲಿನ ಚಾಪಿಗೆ (ಗುಂಡು ಹಾರಿಸುವ ಭಾಗಕ್ಕೆ) ಬೇಕಾದ ಸ್ಕ್ರೂಗಳಿಗಾಗಿ. ರಿವಾಲ್ವರಿನ ಸಿಲಿಂಡರ್ ಒಂದೊಂದೇ ಕೋಣೆಯನ್ನು ನಳಿಗೆಯ ನೇರಕ್ಕೆ ತಂದು ನಿಲ್ಲಿಸುವಂತೆ, ಇಲ್ಲಿ ಟರೆಟ್ 60 ಡಿಗ್ರಿ ತಿರುಗಿ, ಕೆಳಗಿನ ಪ್ಲಂಜರ್ (ಮೊನೆಯಿರುವ ಗೂಟ) ಸ್ಪ್ರಿಂಗ್ ಬಲದಿಂದ ಮೇಲೆದ್ದು, ಟರೆಟ್ಟಿನ ತಳದಲ್ಲಿ ಪ್ರತಿ ಮುಖಕ್ಕೂ ಇರುವ ಉಕ್ಕಿನ ಬುಶ್‌ನ ಇಳಿಜಾರಿನಲ್ಲಿ ಕುಳಿತಾಗಲೇ ಹತ್ಯಾರ ಸ್ಪಿಂಡಲ್ಲಿನ (ಕೆಲಸದ ತುಂಡನ್ನು ತಿರುಗಿಸುವ ದಂಡದ) ನೇರಕ್ಕೆ ಬರುತ್ತದೆ.

ಸ್ಪಿಂಡಲ್ಲಿನ ತುದಿಯ ಹಿಡಿತವಾದ ಚಕ್ಕಿನಲ್ಲಿ ಡಯಲ್ ಗೇಜ್ (ಸಣ್ಣ ಅಳತೆ ತೋರಿಸುವ ಮುಳ್ಳಿನ ಮಾಪಕ) ಹಿಡಿದು, ಸ್ಪಿಂಡಲನ್ನು ಕೈಯಿಂದ ನಿಧಾನ ತಿರುಗಿಸುತ್ತ ಟರೆಟ್ಟಿನ ಪ್ರತಿ ತೂತಿನ ಒಳಗೋಡೆಯನ್ನು ಅಳೆದೆವು. ಮುಳ್ಳು ಓಡುವ ಒಟ್ಟು ದೂರದ ಅರ್ಧವೇ ತೂತು ಸ್ಪಿಂಡಲ್ಲಿನ ನಡುವಿನಿಂದ ಸರಿದ ದೂರ. ಆರೂ ಒಂದೇ ದಿಕ್ಕಿಗೆ ಸರಿದಿದ್ದರೆ ದೋಷ ಬೆಡ್ಡಿನದೋ (ಲೇತಿನ ತಳಹಾಸು) ಟರೆಟ್ ಹೊತ್ತು ಜಾರುವ ಸ್ಲೈಡಿನದೋ ಆಗಿರುತ್ತಿತ್ತು. ಆದರೆ ಐದು ಮುಖಗಳು ಎಷ್ಟು ಸಲ ತಿರುಗಿಸಿದರೂ ಅದೇ ಅಳತೆ ತೋರಿಸಿದವು. ಮೂರನೆಯದು ಮಾತ್ರ ಟರೆಟ್ ತಿರುಗಿಸಲು ಸ್ಲೈಡನ್ನು ಮೆಲ್ಲಗೆ ಹಿಂದಕ್ಕೆ ಎಳೆದರೆ ಒಂದು, ಜೋರಾಗಿ ಎಳೆದರೆ ಇನ್ನೊಂದು ಅಳತೆ ಕೊಟ್ಟಿತು. ಸವೆದ ತೂತು ಹೀಗೆ ಗಳಿಗೆಗೊಮ್ಮೆ ಅಳತೆ ಬದಲಿಸುವುದಿಲ್ಲ. ಆ ಮುಖದ ಬುಶ್‌ನಲ್ಲಿ ಪ್ಲಂಜರ್ ಪೂರ್ತಿ ಕೂರುತ್ತಿಲ್ಲವೆಂಬುದು ನನಗೆ ಅಲ್ಲಿಯೇ ಖಾತ್ರಿಯಾಯಿತು.

ಟರೆಟ್ ಎತ್ತಿ ಪ್ಲಂಜರಿಗೆ ತಾಗುವ ಜಾಗ ತೋರಿಸುವ ನೀಲಿ ಬಣ್ಣ ಹಚ್ಚಿ ಕೂರಿಸಿದಾಗ, ಮೂರನೇ ಬುಶ್‌ನಲ್ಲಿ ಒಂದೇ ಪಕ್ಕಕ್ಕೆ ಗೆರೆ ಮೂಡಿತು. ಬೀಡಿನ ಪುಡಿ ಎಣ್ಣೆಯೊಡನೆ ಕಲೆತು, ಪ್ಲಂಜರಿನ ಏಟಿಗೆ ಒತ್ತಿ ಒತ್ತಿ, ಕಪ್ಪು ಹೊಳಪಿನ ಗಟ್ಟಿ ಪದರವಾಗಿ ಇಳಿಜಾರಿಗೆ ಅಂಟಿತ್ತು. ಬರಿಗಣ್ಣಿಗೆ ಅದು ಬುಶ್‌ನ ಉಕ್ಕಿನಂತೆಯೇ ಕಾಣುತ್ತಿತ್ತು. ಕಾಕಾ ಹಿತ್ತಾಳೆಯ ಕಡ್ಡಿಯಿಂದ ಕೆರೆದಾಗ ಚಕ್ಕೆಯಾಗಿ ಎದ್ದಿತು. ಸೀಮೆಎಣ್ಣೆಯಿಂದ ತೊಳೆದ ಮೇಲೆ ನೀಲಿ ಸುತ್ತಲೂ ಸಮನಾಗಿ ಹತ್ತಿತು. ಸ್ಪ್ರಿಂಗ್ ಸಹ ಸೋತಿದ್ದರಿಂದ ಅದನ್ನೂ ಬದಲಿಸಿದೆವು, ಏಕೆಂದರೆ ದುರ್ಬಲ ಸ್ಪ್ರಿಂಗಿಗೆ ತೆಳ್ಳನೆಯ ಕಸವೂ ಅಡ್ಡಿಯೇ.

ಆಮೇಲೆ ಲೇತಿನಲ್ಲಿ ಮಾಡಿದ ಬೀಡಿನ ಬುಶ್‌ಗಳಲ್ಲಿ ಪ್ಲಗ್ ಗೇಜಿನ (ತೂತಿನ ಅಳತೆ ಪರೀಕ್ಷಿಸುವ ಕಡ್ಡಿಯ) 'ಗೋ' ತುದಿ ಸಲೀಸಾಗಿ ಹೋಯಿತು, ತುಸು ದಪ್ಪನೆಯ 'ನೋ ಗೋ' ತುದಿ ಬಾಯಲ್ಲೇ ನಿಂತಿತು. ಬೋರ್ ಮಾಡಿಸುವ ಮಾತನ್ನು ಮಾಲೀಕರು ಕೈಬಿಟ್ಟರು. ಬೀಡಿನ ಕೆಲಸವಿರುವ ವಾರಗಳಲ್ಲಿ ಟರೆಟ್ ಎತ್ತಿ ಅದರ ಆರೂ ಬುಶ್‌ಗಳನ್ನು ತೊಳೆಯುವುದು ಈಗ ನನ್ನ ಪಾಲಿನ ಕೆಲಸ.